ಬರೆಯ ಮಣ್ಣು, ಹಲಗೆಯ ಮೇಲೆ

ಕೇಳುಗರಿಗೆ ನಮಸ್ಕಾರ. ಕೊಡಗಿನ ಮಣ್ಣನ್ನೇ ಬಣ್ಣವಾಗಿಸಿ ಹಲಗೆಯ ಮೇಲೆ ಚಿತ್ರ ಬರೆಯುವ ಬಗೆಯಿದು.

ಹಸಿರು ಬೆಟ್ಟ, ಮಂಜು, ನಡುವೆ ಹೆಂಚಿನ ಮನೆ. ಕೊಡಗಿನ ಚಿತ್ರವೆಂದರೆ ಹೆಚ್ಚಿನವರಿಗೆ ಇಷ್ಟೇ. ಆದರೆ ಇಲ್ಲಿನ ತಳದ ಬಂಡೆ 300 ಕೋಟಿ ವರ್ಷಕ್ಕೂ ಹಳೆಯದು. ಆ ಕಾಲದ ಸುಳಿವು ಸಿಗುವುದು ರಸ್ತೆಗೆಂದು ಕಡಿದ ಬರೆಯಲ್ಲಿ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಯಲ್ಲಿ: ಮೇಲೆ ತರಗೆಲೆ ಕೊಳೆತ ಕಪ್ಪು, ಅದರಡಿ ಕಬ್ಬಿಣದಂಶದ ಕೆಂಪು, ಕೆಳಗೆ ಹಳದಿ, ಬಿಳಿ ಜೇಡಿ, ಆಮೇಲೆ ಕಲ್ಲು. ಅಮೂರ್ತ ಭೂದೃಶ್ಯ, ಅಂದರೆ ಇದ್ದದ್ದನ್ನು ಇದ್ದಂತೆ ಬಿಡಿಸದೆ ಗೆರೆ, ಬಣ್ಣಗಳಲ್ಲೇ ನೆಲವನ್ನು ಸೂಚಿಸುವ ಚಿತ್ರ, ಬರೆಯುವವರಿಗೆ ಇದೇ ಮಾದರಿ, ಬಣ್ಣವೂ ಇದರಲ್ಲೇ ಇದೆ.

ಹಾಗೆಂದು ಬರೆಯನ್ನು ಕೆರೆಯಬೇಡಿ. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಕಾರಣ ಹೇಳಬೇಕಿಲ್ಲ. ಬಾವಿ ತೋಡಿ ಹಾಕಿದ ರಾಶಿ ಸಾಕು. ಕಪ್ಪು ಮೇಲ್ಮಣ್ಣು ಬೇಡ, ಬೂಸ್ಟು ಹಿಡಿಯುತ್ತದೆ. ಕಪ್ಪಿಗೆ ಇದ್ದಿಲ ಪುಡಿ ಬಳಸಿ.

ಮಣ್ಣನ್ನು ಬಕೆಟ್ ನೀರಿನಲ್ಲಿ ಕದಡಿ ಒಂದು ನಿಮಿಷ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಕೆಸರುನೀರನ್ನು ತೆಳುಬಟ್ಟೆಯಲ್ಲಿ ಸೋಸಿ, ರಾತ್ರಿಯಿಡೀ ಇಟ್ಟು, ತಿಳಿ ಚೆಲ್ಲಿ. ಉಳಿದ ನುಣುಪು ಕೆಸರೇ ಬಣ್ಣ. ಹಳದಿ ಮಣ್ಣನ್ನು ಒಣಗಿಸಿ ಕಬ್ಬಿಣದ ಕಾವಲಿಯಲ್ಲಿ ಚೆನ್ನಾಗಿ ಹುರಿದರೆ ಅದೂ ಕೆಂಪಾಗುತ್ತದೆ. ಒಂದೇ ಮಣ್ಣಿನಿಂದ ನಾಲ್ಕೈದು ಛಾಯೆ.

ಕೆಸರಿಗೆ ಅಷ್ಟೇ ಅಳತೆಯ ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣವನ್ನು ಹಿಡಿದಿಡುವ ಅಂಟು, ಸೇರಿಸಿ ದೋಸೆಹಿಟ್ಟಿನ ಹದಕ್ಕೆ ತನ್ನಿ. ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತಿದರೆ ಅಂಟು ಸಾಲದು, ಪ್ಲಾಸ್ಟಿಕ್‌ನಂತೆ ಹೊಳೆದರೆ ಹೆಚ್ಚಾಯಿತು. ಜೇಡಿ ಒಣಗುವಾಗ ಕುಗ್ಗುತ್ತದೆ, ದಪ್ಪ ಬಳಿದರೆ ಬಿರುಕು ಖಚಿತ. ಬಗ್ಗುವ ಕ್ಯಾನ್ವಾಸಿಗಿಂತ ಪ್ರೈಮರ್ ಹಚ್ಚಿದ ಪ್ಲೈವುಡ್ ಮೇಲು.

ತಳಕ್ಕೆ ಇದ್ದಿಲ ಕಪ್ಪು. ಅದು ಒಣಗಿದ ಮೇಲೆ ನೆನಪಿನ ಕೆಲಸ: ತೋಟವಾಗಿಹೋದ ಗದ್ದೆಯ ಬದು, ಬಾಣೆಯ (ಗದ್ದೆಗೆ ಸೇರಿದ ಕಾಡು, ಹುಲ್ಲುನೆಲ) ಕಾಲುದಾರಿ, ಕೊಚ್ಚಿಹೋದ ಮನೆಯ ಅಂಗಳ, ನಿಮಗೆ ಗೊತ್ತಿರುವ ಯಾವುದಾದರೂ ಗೆರೆಯನ್ನು ಬಿಳಿ ಜೇಡಿಯಲ್ಲಿ ಎಳೆದು, ಅದರ ಮೇಲೆ ಹಳದಿ, ಕೆಂಪು ತೆಳುವಾಗಿ ಬಳಿದು ಮುಚ್ಚಿಬಿಡಿ. ಪೂರ್ತಿ ಒಣಗಿದ ಮೇಲೆ 220 ಗ್ರಿಟ್‌ನ (ತರಿಯ ಅಳತೆ) ಉಪ್ಪುಕಾಗದವನ್ನು ಒದ್ದೆ ಮಾಡಿ ಉಜ್ಜಿದರೆ ಗೆರೆ ಅಲ್ಲಲ್ಲಿ ಮೇಲೆ ಬರುತ್ತದೆ, ಅಲ್ಲಲ್ಲಿ ಅಳಿದೂಹೋಗುತ್ತದೆ. ಅಳಿದದ್ದನ್ನು ಕುಂಚದಿಂದ ತಿದ್ದುವ ಆಸೆ ಎಲ್ಲರಿಗೂ ಬರುತ್ತದೆ. ತಿದ್ದಿದ ಗೆರೆ ರಂಗೋಲಿಯಾಗಿ ಮೇಲೇ ಕೂರುತ್ತದೆ, ಮಣ್ಣೊಳಗಿಂದ ಬಂದಂತೆ ಕಾಣುವುದಿಲ್ಲ. ಬಾನಂಚನ್ನು ಹಲಗೆಯ ತೀರ ಮೇಲಕ್ಕೆ ತಳ್ಳಿ, ಇಲ್ಲವೇ ಬಿಟ್ಟೇಬಿಡಿ. ಆಗ ಕಣ್ಣು ದೂರ ಹೋಗದೆ ಆಳಕ್ಕಿಳಿಯುತ್ತದೆ.

ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯದು. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಪದರ ಒಣಗುವುದಿಲ್ಲ. ಹಸಿ ಪದರದ ಮೇಲೆ ಇನ್ನೊಂದು ಬಳಿದರೆ ಎರಡೂ ಸಿಪ್ಪೆಯಂತೆ ಏಳುತ್ತವೆ. ಮುಗಿದ ಚಿತ್ರವನ್ನೂ ಮಳೆ ಹೊಡೆಯುವ ಗೋಡೆಗೆ ತೂಗಬೇಡಿ. ಒಳಗೋಡೆಗೆ ಹಾಕಿ, ಹಿಂದೆ ಗಾಳಿಯಾಡಲು ಒಂದು ಬೆರಳಿನಷ್ಟು ಜಾಗ ಬಿಡಿ.