ಡಯಾಲಿಸಿಸ್ ವಾರ್ಡಲ್ಲಿ ಜೋನಾ ಲೋಮು

ನಮಸ್ಕಾರ, ಎಲ್ಲಾರೂ ಹೆಂಗಿದ್ದೀರಿ. ಇವತ್ತು ರಗ್ಬಿ ಬಗ್ಗೆ ಮಾತಾಡ್ತೀನಿ ಅಂದಿದ್ದಕ್ಕೆ ಇಲ್ಲಿ ಮೈಕ್ ಸರಿ ಮಾಡ್ತಿದ್ದ ಹುಡ್ಗ ನಕ್ಬಿಟ್ಟ, ತುಮಕೂರಲ್ಲಿ ರಗ್ಬಿ ಯಾರ್ಗೆ ಬೇಕಣ್ಣ, ಕಬಡ್ಡಿ ಬಗ್ಗೆ ಹೇಳು ಅಂದ. ಇರ್ಲಿ ಬಿಡಿ. ನಂಗೂ ಮೊದ್ಲು ರಗ್ಬಿ ಅಂದ್ರೆ ಸಿಪ್ಪೆ ಸುಲೀದೇ ಇರೋ ತೆಂಗಿನಕಾಯಿ ಥರದ್ದೊಂದು ಬಾಲ್ ಹಿಡ್ಕೊಂಡು ಒಬ್ರ ಮೇಲೊಬ್ರು ಬೀಳೋದು, ಅಷ್ಟೇ ಗೊತ್ತಿದ್ದಿದ್ದು.

ನಮ್ಮ ಚಿಕ್ಕಪ್ಪಂಗೆ ವಾರಕ್ಕೆರಡು ಸಲ ಡಯಾಲಿಸಿಸ್, ಗುಬ್ಬಿ ಕಡೆಯಿಂದ ಬೆಳ್ಬೆಳಗ್ಗೆ ಬಸ್ ಹತ್ತಿ ಬರ್ಬೇಕು, ಒಂದ್ಸಲ ಮಲಗಿದ್ರೆ ನಾಲ್ಕು ಗಂಟೆ ಅಲ್ಲಾಡಂಗಿಲ್ಲ. ಎಡಗೈಲಿ ಫಿಸ್ಟುಲಾ ಮಾಡವ್ರೆ, ಅಂದ್ರೆ ಡಯಾಲಿಸಿಸ್ ಸೂಜಿ ಹಾಕಕ್ಕೆ ಅಂತ ಎರಡು ರಕ್ತನಾಳ ಸೇರಿಸಿ ಹೊಲ್ದವ್ರೆ, ಅದ್ರ ಮೇಲೆ ಬೆರಳಿಟ್ರೆ ಒಳಗೆ ಜೇನುಹುಳ ಕೂತಂಗೆ ಗುಂಯ್ ಅಂತದೆ. ನೀರು ಕುಡಿಯೋದು ಅಳತೆ ಲೋಟದಲ್ಲಿ, ಬಾಯಾರಿದ್ರೆ ಐಸ್ ತುಂಡು ಚೀಪೋದು. ಟೈಮ್ ಹೋಗ್ಲಿ ಅಂತ ನಾನು ಮೊಬೈಲಲ್ಲಿ ಏನೇನೋ ಹಾಕಿ ತೋರಿಸ್ತಿರ್ತೀನಿ, ಹಂಗೇ ಒಂದಿನ ನ್ಯೂಜಿಲೆಂಡಿನ ರಗ್ಬಿ ಆಟಗಾರ ಜೋನಾ ಲೋಮು ಸಿಕ್ಕ.

1995ರ ವಿಶ್ವಕಪ್ ಸೆಮಿಫೈನಲ್ ಅದು, ಕೇಪ್‌ಟೌನಲ್ಲಿ, ನ್ಯೂಜಿಲೆಂಡಿಗೂ ಇಂಗ್ಲೆಂಡಿಗೂ. ಲೋಮುಗೆ ಆಗ 20 ವರ್ಷ, ಆರಡಿ ಐದಿಂಚು ಎತ್ತರ, ತೂಕ ನೂರು ಕೆಜಿ ಮೇಲೆ, ಆದ್ರೂ ಓಟ ಮಾತ್ರ ಸಣ್ಣಕ್ಕಿರೋ ಹುಡುಗ್ರ ಓಟ. ಬಾಲ್ ಕೈಗೆ ಸಿಕ್ತು, ಇಬ್ರು ಹಿಡಿಯಕ್ಕೆ ಬಂದ್ರು ಆಗ್ಲಿಲ್ಲ, ಕೊನೇಲಿ ಮೈಕ್ ಕ್ಯಾಟ್ ಅನ್ನೋನು ಅಡ್ಡ ನಿಂತ, ಇವ್ನು ಪಕ್ಕಕ್ಕೂ ಹೋಗ್ಲಿಲ್ಲ ನೋಡಿ, ಸೀದಾ ಅವ್ನ ಮೇಲೇ ತುಳ್ಕೊಂಡೋಗಿ ಗೆರೆ ಆಚೆ ಬಾಲ್ ಊರಿದ. ಹಂಗೆ ಊರೋದಕ್ಕೆ ಟ್ರೈ ಅಂತಾರೆ, ಐದು ಪಾಯಿಂಟು. ಅವತ್ತು ಒಬ್ನೇ ನಾಲ್ಕು ಟ್ರೈ. "ಏನ್ಲಾ ಇವ್ನು, ಸಿದ್ಧಗಂಗೆ ಜಾತ್ರೇಲಿ ಹಗ್ಗ ಕಿತ್ಕೊಂಡ ಹಳ್ಳಿಕಾರ್ ಹೋರಿ ಇದ್ದಂಗವ್ನೆ," ಅಂದ್ರು ಚಿಕ್ಕಪ್ಪ, ನರ್ಸಮ್ಮ ಬಂದು ಕೈ ಅಲ್ಲಾಡಿಸ್ಬೇಡಿ ಅಂತ ಗದರಿದ್ರು.

ಫೈನಲಲ್ಲಿ ದಕ್ಷಿಣ ಆಫ್ರಿಕಾದೋರು ಅವ್ನನ್ನ ಕಟ್ಟಾಕ್ಬಿಟ್ರು, ನ್ಯೂಜಿಲೆಂಡಿನೋರು 15-12ಕ್ಕೆ ಸೋತ್ರು. ಅದೇ ವರ್ಷ ಆಗಸ್ಟಲ್ಲಿ ರಗ್ಬಿ ಯೂನಿಯನ್, ಅಂದ್ರೆ ಇವ್ರು ಆಡೋ ಥರದ ರಗ್ಬಿ, ಪ್ರೊಫೆಷನಲ್ ಆಯ್ತು, ಅಲ್ಲೀವರೆಗೂ ಆಡಿದ್ದಕ್ಕೆ ಸಂಬಳ ತಗೊಳಂಗೇ ಇರ್ಲಿಲ್ಲ ನಿಯಮದ ಪ್ರಕಾರ. ದುಡ್ಡು ಬರೋ ಕಾಲ ಬಂತು, ಆ ಆಟಕ್ಕೇ ದೊಡ್ಡ ಸ್ಟಾರ್ ಇವ್ನು, ಅಷ್ಟ್ರಲ್ಲೇ ವರ್ಷದ ಕೊನೇಲಿ ಡಾಕ್ಟ್ರು ಹೇಳಿದ್ರು ನಿಂಗೆ ನೆಫ್ರಾಟಿಕ್ ಸಿಂಡ್ರೋಮ್ ಅನ್ನೋ ಕಿಡ್ನಿ ಕಾಯಿಲೆ ಐತೆ ಅಂತ. ಮೂತ್ರದಲ್ಲಿ ಪ್ರೋಟೀನ್ ಸೋರಿ ಹೋಗೋದು, ಮೈ ಊದ್ಕೊಳೋದು, ಸುಸ್ತು. ಇದನ್ನ ಕೇಳಿ ಚಿಕ್ಕಪ್ಪ ಎದ್ದು ಕೂರಕ್ಕೋದ್ರು.

ಆ ಮೈ ಇಟ್ಕೊಂಡೇ 1999ರ ವಿಶ್ವಕಪ್ಪಲ್ಲಿ ಎಂಟು ಟ್ರೈ ಹೊಡ್ದ. ಒಟ್ಟು 63 ಟೆಸ್ಟು, ಅಂದ್ರೆ ದೇಶದ ಪರ ಆಡೋ ಮ್ಯಾಚು, 37 ಟ್ರೈ. ನಂಬರ್ ಬಿಡಿ, ಅವ್ನ ಕಿಡ್ನಿ ಸರಿಯಾಗಿದ್ದಿದ್ರೆ ಎಷ್ಟಿರ್ತಿತ್ತೋ ಅಂತ ನಂಗನ್ಸೋದು. 2003ಕ್ಕೆ ಡಯಾಲಿಸಿಸ್ ಶುರುವಾಯ್ತು, ಕಾಲಿನ ನರ ಹಾಳಾಗಿ ನಡೆಯೋದೇ ಕಷ್ಟ ಆಯ್ತು, ಮೈಕ್ ಕ್ಯಾಟ್‌ನ ತುಳಿದ ಕಾಲು ಅದು.

2004ರಲ್ಲಿ ಕಿಡ್ನಿ ಕೊಟ್ಟಿದ್ದು ಯಾರು ಗೊತ್ತಾ, ಅವ್ನ ಸ್ನೇಹಿತ, ವೆಲ್ಲಿಂಗ್ಟನ್ನಿನ ಒಬ್ಬ ರೇಡಿಯೋ ನಿರೂಪಕ, ಗ್ರಾಂಟ್ ಕೆರೆಯಾಮ. ನಮ್ಮಲ್ಲಾದ್ರೆ ಹೆತ್ತೋರು, ಮಕ್ಕಳು, ಒಡಹುಟ್ಟಿದೋರು, ಗಂಡಹೆಂಡ್ತಿ ಕೊಡೋದು ಸಲೀಸು, ಸ್ನೇಹಿತ ಅಂದ್ರೆ ಸಮಿತಿ ಮುಂದೆ ಹೋಗಿ ಒಪ್ಪಿಗೆ ತಗೋಬೇಕು. ಲೋಮು ಮತ್ತೆ ಮೈದಾನಕ್ಕಿಳಿದು ಕಾರ್ಡಿಫ್ ಕ್ಲಬ್ಬಿಗೆ ಆಡಿದ, ಆದ್ರೆ ದೇಶದ ಕರೀ ಜೆರ್ಸಿ ವಾಪಸ್ ಸಿಗ್ಲೇ ಇಲ್ಲ. ಆ ಕಿಡ್ನಿನೂ ಕೆಲವು ವರ್ಷಕ್ಕೆ ಕೈಕೊಡ್ತು, ಪುನಃ ಡಯಾಲಿಸಿಸ್. 2015ರ ನವೆಂಬರ್ 18ಕ್ಕೆ ಹೋಗ್ಬಿಟ್ಟ, 40 ವರ್ಷಕ್ಕೇ. ಈ ಕೊನೇದನ್ನ ನಾನು ಚಿಕ್ಕಪ್ಪಂಗೆ ಹೇಳಿಲ್ಲ, ಈಗ ಕೇಳಿಸ್ಕೊಂತಿದ್ರೆ ಗೊತ್ತಾಗೋಗುತ್ತೆ.

ಕಿಡ್ನಿ ಕೊಟ್ಟೋನು ರೇಡಿಯೋದವ್ನು ಅಂದಿದ್ದಕ್ಕೆ ಅವ್ರು, "ನೀನೂ ರೇಡಿಯೋಗೆ ಹೋಗ್ತೀಯಲ್ಲೋ," ಅಂದು ಒಂದೇ ಸಮ ನಕ್ರು. ನಾನು ಆ ಮಧ್ಯಾಹ್ನವೇ ಬ್ಲಡ್ ಟೆಸ್ಟಿಗೆ ಕೊಟ್ಟೆ. ನಂದು ಬಿ, ಅವ್ರದು ಓ, ಹೊಂದಲ್ಲ. ಮಂಗಳವಾರ ಮತ್ತೆ ಬಸ್ಸಿಗೆ ಹೋಗ್ಬೇಕು, ಈ ಸಲ 1999ರ ಮ್ಯಾಚ್ ಡೌನ್‌ಲೋಡ್ ಮಾಡಿಟ್ಟಿದ್ದೀನಿ.