ಹಿಡಿದರೆ ಹಾನಿ: ವಿಡಿಯೋ ಆಟಗಳ ವಿಷದ ಅಣಬೆಗಳು

ಶ್ರೋತೃಗಳಿಗೆ ನಮಸ್ಕಾರ.

ಮಕ್ಕಳಿರುವ ಮನೆಗಳಲ್ಲಿ ಟೀವಿಯ ಮುಂದಿನಿಂದಲೋ ಮೊಬೈಲ್ ಹಿಡಿದು ಕುಳಿತ ಜಗುಲಿಯಿಂದಲೋ "ಪವರ್ ಸಿಕ್ತು!" ಎಂಬ ಕೂಗು ಆಗಾಗ ಕೇಳಿಬರುತ್ತದೆ. ಆಟದ ನಡುವೆ ಪರದೆಯ ಮೇಲೆ ಕಾಣಿಸಿಕೊಂಡು, ಮುಟ್ಟಿದೊಡನೆ ಆಟಗಾರನ ಬಲವನ್ನೋ ವೇಗವನ್ನೋ ಹೆಚ್ಚಿಸುವ ಇಂಥ ವಸ್ತುವಿಗೆ ಪವರ್-ಅಪ್ ಎನ್ನುತ್ತಾರೆ. ಆದರೆ ಇದೇ ವೇಷ ತೊಟ್ಟು ಬಂದು, ಮುಟ್ಟಿದವನನ್ನು ಕುಗ್ಗಿಸುವ, ಕುರುಡಾಗಿಸುವ, ಕೆಲವೊಮ್ಮೆ ಕೊಂದೇಬಿಡುವ ವಸ್ತುಗಳೂ ಆಟಗಳಲ್ಲಿವೆ. ಆಟ ಕಟ್ಟುವವರು ಇವನ್ನು ಏಕೆ ಇಡುತ್ತಾರೆ, ಇಟ್ಟದ್ದು ಎಲ್ಲಿಯವರೆಗೆ ನ್ಯಾಯ, ಎಲ್ಲಿಂದ ಮುಂದೆ ಬರಿಯ ಮೋಸ ಎಂಬುದು ಈ ಹೊತ್ತಿನ ನನ್ನ ವಿಷಯ.

ಈ ಜಾತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ್ದು ಜಪಾನಿನ ನಿಂಟೆಂಡೊ ಕಂಪನಿಯ ವಿಷದ ಅಣಬೆ. 1985ರಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿರುವ ಇಟ್ಟಿಗೆಯನ್ನು ಕೆಳಗಿನಿಂದ ಜಿಗಿದು ಗುದ್ದಿದರೆ ಅದರೊಳಗಿನಿಂದ ಅಣಬೆಯೊಂದು ಮೇಲೆದ್ದು ನೆಲದ ಮೇಲೆ ಜಾರುತ್ತ ಹೋಗುತ್ತದೆ; ಅದನ್ನು ಬೆನ್ನಟ್ಟಿ ಹಿಡಿದರೆ ಕುಳ್ಳ ಮಾರಿಯೋ ದೊಡ್ಡವನಾಗಿ, ಶತ್ರುವಿನ ಒಂದು ಪೆಟ್ಟನ್ನು ತಾಳಿಕೊಳ್ಳುವಷ್ಟು ಶಕ್ತಿ ಪಡೆಯುತ್ತಾನೆ. ಮರುವರ್ಷ, ಅಂದರೆ 1986ರಲ್ಲಿ, ಜಪಾನಿನಲ್ಲಿ ಎರಡನೆಯ ಭಾಗ ಹೊರಬಂತು. ಮೊದಲ ಆಟವನ್ನು ಅರೆದು ಕುಡಿದವರಿಗೆಂದೇ ಮಾಡಿದ ಆಟವದು. ಅದರ ಮೊಟ್ಟಮೊದಲ ಹಂತದಲ್ಲಿ, ಇನ್ನೂ ನಾಲ್ಕು ಹೆಜ್ಜೆ ಇಡುವಷ್ಟರಲ್ಲೇ, ಹಳೆಯ ಅಭ್ಯಾಸಬಲದಿಂದ ಇಟ್ಟಿಗೆಯನ್ನು ಗುದ್ದಿದ ಆಟಗಾರನ ಎದುರಿಗೆ ವಿಷದ ಅಣಬೆ ಬಂದು ನಿಲ್ಲುತ್ತಿತ್ತು. ಅದು ಶತ್ರುವಿನಂತೆಯೇ ಹಾನಿ ಮಾಡುತ್ತದೆ: ದೊಡ್ಡ ಮಾರಿಯೋ ಮುಟ್ಟಿದರೆ ಕುಗ್ಗುತ್ತಾನೆ, ಕುಳ್ಳ ಮಾರಿಯೋ ಮುಟ್ಟಿದರೆ ಒಂದು ಜೀವ ಹೋಯಿತು. ಉಳಿದ ಶತ್ರುಗಳಲ್ಲಿ ಬಹುಪಾಲನ್ನು ಮೇಲಿನಿಂದ ತುಳಿದು ಮುಗಿಸಬಹುದು. ಇದನ್ನು ತುಳಿಯಲೂ ಆಗದು. ಹಿಂದಿನ ವರ್ಷವೆಲ್ಲ ಯಾವುದರ ಹಿಂದೆ ಓಡಬೇಕೆಂದು ಕಲಿತಿದ್ದೆವೋ ಅದರಿಂದಲೇ ಈಗ ಓಡಿ ತಪ್ಪಿಸಿಕೊಳ್ಳಬೇಕು.

ಮಳೆಗಾಲದ ಮೊದಲ ಗುಡುಗಿನ ನಂತರ ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಟ್ಟಗಳಲ್ಲಿ ಅಣಬೆ ಹುಡುಕಲು ಹೋಗುವವರನ್ನು ಕೇಳಿದರೆ ಈ ಆಟದ ನ್ಯಾಯ-ಅನ್ಯಾಯ ಬೇಗ ಅರ್ಥವಾಗುತ್ತದೆ. ಅನುಭವಸ್ಥರು ಕೊಡೆಯ ಬಣ್ಣವೊಂದನ್ನೇ ನಂಬುವುದಿಲ್ಲ. ಅದು ಹುತ್ತದ ಮಣ್ಣಿನಲ್ಲಿ ಎದ್ದಿದೆಯೇ, ಬುಡ ಆಳಕ್ಕೆ ಇಳಿದಿದೆಯೇ, ಕೊಡೆಯ ಅಡಿಭಾಗ ಹೇಗಿದೆ ಎಂದು ನಾಲ್ಕಾರು ಕಡೆಯಿಂದ ನೋಡುತ್ತಾರೆ, ಅನುಮಾನ ಬಂದರೆ ಬಿಟ್ಟು ಬರುತ್ತಾರೆ. 1986ರ ಆಟದಲ್ಲಿ ಇಂಥ ನಾಲ್ಕಾರು ಗುರುತುಗಳಿರಲಿಲ್ಲ. ಆಕಾರ ಹೆಚ್ಚುಕಡಿಮೆ ಅದೇ, ನಡಿಗೆಯೂ ಅದೇ, ವ್ಯತ್ಯಾಸವಿದ್ದದ್ದು ಬಣ್ಣದಲ್ಲಿ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಆಗ ಇದ್ದದ್ದು ಕಪ್ಪು-ಬಿಳುಪು ಟೀವಿ; ಅಂಥ ಪರದೆಯ ಮುಂದೆ ಕುಳಿತ ಹುಡುಗನಿಗೆ ಈ ಎರಡು ಅಣಬೆಗಳನ್ನು ಬೇರ್ಪಡಿಸುವುದು ಎಷ್ಟು ಕಷ್ಟವಾದೀತು ಎಂದು ಊಹಿಸಿ ನೋಡಿ. ಹುಟ್ಟಿನಿಂದಲೇ ಕೆಲವು ಬಣ್ಣಗಳ ನಡುವಣ ಭೇದ ಕಾಣದ ಕಣ್ಣುಳ್ಳವರ ಪಾಡೂ ಇಷ್ಟೇ. ಅಮೆರಿಕದ ನಿಂಟೆಂಡೊ ಶಾಖೆಯು ಈ ಆಟವನ್ನು ತೀರ ಕಠಿಣವೆಂದು ಬಗೆದು ತಡೆಹಿಡಿಯಿತು, 1988ರಲ್ಲಿ ಬೇರೊಂದು ಜಪಾನಿ ಆಟವನ್ನು ಮಾರ್ಪಡಿಸಿ ಮಾರಿಯೋನ ಎರಡನೆಯ ಭಾಗವೆಂದು ಮಾರಿತು. ಮೂಲ ಆಟವು ದಿ ಲಾಸ್ಟ್ ಲೆವೆಲ್ಸ್ ಎಂಬ ಹೆಸರಿನಲ್ಲಿ ಅಲ್ಲಿಗೆ ತಲುಪಿದ್ದು 1993ರಲ್ಲಿ. ಆ ಹೊತ್ತಿಗೆ ಚಿತ್ರಗಳನ್ನು ಹೊಸದಾಗಿ ಬರೆದು, ವಿಷದ ಅಣಬೆಯ ಮೇಲೆ ತಲೆಬುರುಡೆಯ ಗುರುತು ಹಾಕಿದ್ದರು. ಇದರಿಂದ ಆಟ ಸಪ್ಪೆಯಾಯಿತೆಂದು ಗೊಣಗುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಕಂಡ ಮೇಲೂ ಅದು ನಮ್ಮ ಕಡೆಗೇ ಜಾರಿ ಬರುತ್ತದೆ, ಇಕ್ಕಟ್ಟಿನ ಜಾಗದಲ್ಲಿ ಅದರಿಂದ ತಪ್ಪಿಸಿಕೊಳ್ಳುವ ಕೆಲಸ ಇದ್ದೇ ಇದೆ.

ಅದೇ ಆಟದಲ್ಲಿ ಇದಕ್ಕಿಂತ ಒರಟಾದ ಇನ್ನೊಂದು ಉಡುಗೊರೆಯಿದೆ. ಗುಪ್ತ ದಾರಿಗಳನ್ನು ಹುಡುಕಿ ಹೋದವರಿಗೆ ಮೊದಲ ಆಟವು ಮುಂದಿನ ಲೋಕಗಳಿಗೆ, ಅಂದರೆ ಕೆಲವು ಹಂತಗಳು ಸೇರಿ ಆದ ಮುಂದಿನ ಭಾಗಗಳಿಗೆ, ಹಾರುವ ಕೊಳವೆಗಳನ್ನು ಬಹುಮಾನವಾಗಿ ಕೊಡುತ್ತಿತ್ತು. ಎರಡನೆಯದರಲ್ಲಿ ಮೂರನೆಯ ಲೋಕದ ಗುಪ್ತ ಕೊಳವೆಯೊಂದು ಆಟಗಾರನನ್ನು ತಿರುಗಿ ಒಂದನೆಯ ಲೋಕಕ್ಕೆ ಒಯ್ದು ಬಿಡುತ್ತದೆ. ಕೊಳವೆಯ ಮೇಲೆ ಒಂದು ಎಂದು ಅಂಕಿ ಬರೆದಿರುತ್ತದೆ, ನಿಜ. ಆದರೆ ಆ ಆಟದ ಪರದೆ ಹಿಂದಕ್ಕೆ ಸರಿಯುವುದೇ ಇಲ್ಲವಾದ್ದರಿಂದ ಅಂಕಿಯನ್ನು ಓದುವ ಹೊತ್ತಿಗೆ ಬಂದ ದಾರಿ ಮುಚ್ಚಿಹೋಗಿರುತ್ತದೆ. ನಿರ್ಧಾರ ಮುಗಿದ ಮೇಲೆ ಕೈಗೆ ಬರುವ ಎಚ್ಚರಿಕೆಯನ್ನು ಎಚ್ಚರಿಕೆಯೆಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾನಿಯನ್ನು ಬಚ್ಚಿಡದೆಯೂ ಆಟವನ್ನು ಬಿಗಿಗೊಳಿಸಬಹುದು ಎಂಬುದಕ್ಕೆ ಒಳ್ಳೆಯ ಉದಾಹರಣೆ ಡಿಎಕ್ಸ್-ಬಾಲ್. ಮೈಕೆಲ್ ಪಿ. ವೆಲ್ಚ್ 1996ರಲ್ಲಿ ರಚಿಸಿದ ಈ ಆಟವನ್ನು, ಕಂಪ್ಯೂಟರ್ ಕಲಿಯಲು ಹೋಗಿ ಪಾಠ ಮುಗಿದ ಮೇಲೆ ಅಲ್ಲೇ ಕುಳಿತು ಆಡಿದ ತಲೆಮಾರಿನವರು ಮರೆತಿರಲಾರರು. ಪರದೆಯ ಕೆಳಗೆ ಅಡ್ಡಡ್ಡ ಓಡುವ ಒಂದು ಪಟ್ಟಿ, ಅದಕ್ಕೆ ಬಡಿದು ಪುಟಿಯುವ ಚೆಂಡು, ಮೇಲೆ ಒಡೆಯಬೇಕಾದ ಇಟ್ಟಿಗೆಗಳು. ಇಟ್ಟಿಗೆ ಒಡೆದಾಗ ಉದುರುವ ಪವರ್‌ಗಳಲ್ಲಿ ಪಟ್ಟಿಯನ್ನು ಅಗಲಗೊಳಿಸುವುದೂ ಇದೆ, ಕುಗ್ಗಿಸುವುದೂ ಇದೆ. ಚೆಂಡಿನ ವೇಗವನ್ನು ವಿಪರೀತ ಏರಿಸುವುದಿದೆ, ಪಟ್ಟಿಯನ್ನೇ ನಾಶಮಾಡುವುದೂ ಇದೆ. ಪ್ರತಿಯೊಂದರ ಮೇಲೂ ಚಿತ್ರವಿರುವುದರಿಂದ ಸ್ವಲ್ಪ ಹೊತ್ತು ಆಡಿದವನಿಗೆ ಯಾವುದು ಏನೆಂದು ತಿಳಿಯುತ್ತದೆ. ಕಷ್ಟವಿರುವುದು ತಿಳಿವಳಿಕೆಯಲ್ಲಲ್ಲ, ಜಾಗದಲ್ಲಿ. ಕೆಡುಕಿನ ವಸ್ತು ಪಟ್ಟಿಯ ಎಡ ಅಂಚಿಗೆ ಇಳಿಯುತ್ತಿರುವಾಗಲೇ ಚೆಂಡೂ ಅತ್ತ ಕಡೆಗೇ ಬಂದರೆ, ಚೆಂಡನ್ನು ಹಿಡಿಯಲು ಹೋದರೆ ಅದು ಅಂಟಿಕೊಳ್ಳುತ್ತದೆ, ಅದನ್ನು ತಪ್ಪಿಸಿದರೆ ಚೆಂಡು ಕೈತಪ್ಪುತ್ತದೆ. ಪಟ್ಟಿಯ ತುದಿಯಲ್ಲಿ ಚೆಂಡನ್ನಷ್ಟೇ ಸವರಿ ಕಳುಹಿಸುವ ಚಾಕಚಕ್ಯವನ್ನು ಆಟಗಾರ ಕಲಿಯುವುದು ಇಂಥ ಇಕ್ಕಟ್ಟಿನಲ್ಲಿಯೇ. ಇಲ್ಲಿ ಸೋತವನು ಆಟವನ್ನು ಬಯ್ಯುವುದಿಲ್ಲ, ತನ್ನ ಬೆರಳುಗಳನ್ನು ಬಯ್ದುಕೊಳ್ಳುತ್ತಾನೆ.

ಇದರ ಹಿರಿಯಣ್ಣನೆನ್ನಬಹುದಾದ, ಟೈಟೊ ಕಂಪನಿಯ 1986ರ ಆರ್ಕನಾಯ್ಡ್ ಆಟದಲ್ಲಿ ಉದುರುವ ಗುಳಿಗೆಗಳೆಲ್ಲ ಒಳ್ಳೆಯವೇ. ಆದರೆ ಹೊಸದನ್ನು ಹಿಡಿದರೆ ಕೈಯಲ್ಲಿದ್ದ ಹಳೆಯ ಶಕ್ತಿ ಹೊರಟುಹೋಗುತ್ತದೆ, ಆದ್ದರಿಂದ ಲೇಸರ್ ಇಟ್ಟುಕೊಂಡು ಇಟ್ಟಿಗೆಗಳನ್ನು ಉಡಾಯಿಸುತ್ತಿದ್ದವನಿಗೆ ಚೆಂಡನ್ನು ನಿಧಾನಗೊಳಿಸುವ ಗುಳಿಗೆ ನಷ್ಟವಾಗಿ ಪರಿಣಮಿಸುತ್ತದೆ. ಕ್ಯಾಪ್ಕಾಮ್ ಕಂಪನಿಯ 1985ರ ಘೋಸ್ಟ್ಸ್ ಆ್ಯಂಡ್ ಗಾಬ್ಲಿನ್ಸ್ ಆಟದ ದೀವಟಿಗೆಯೂ ಇಂಥದ್ದೇ. ಹಿಡಿದವನ ಈಟಿ ಹೋಗಿ, ಬಿಲ್ಲಿನಂತೆ ಬಾಗಿ ಸ್ವಲ್ಪ ದೂರದಲ್ಲೇ ಬೀಳುವ ಉರಿಯ ಪಂಜು ಕೈಗೆ ಬರುತ್ತದೆ, ಒಲ್ಲೆನೆಂದು ಅದನ್ನು ಎಸೆದುಬಿಡುವ ಅವಕಾಶವಿಲ್ಲ. ಹೆಸರಿಗೆ ಬಹುಮಾನ, ಅನುಭವಿಗಳು ಅದರ ಮೇಲಿನಿಂದ ಜಿಗಿದು ಹೋಗುತ್ತಾರೆ.

ಎದುರಾಳಿ ಇನ್ನೊಬ್ಬ ಮನುಷ್ಯನಾದಾಗ ಲೆಕ್ಕವೇ ಬದಲಾಗುತ್ತದೆ. 1996ರ ಮಾರಿಯೋ ಕಾರ್ಟ್ 64 ಎಂಬ ಗಾಡಿ ಪಂದ್ಯದಲ್ಲಿ ದಾರಿಯಲ್ಲಿರುವ ಬಹುಮಾನದ ಪೆಟ್ಟಿಗೆಗಳ ಸಾಲಿಗೆ ನಕಲಿ ಪೆಟ್ಟಿಗೆಯೊಂದನ್ನು ಸೇರಿಸಿ ಇಡಬಹುದು, ಅದರೊಳಗಿನ ಪ್ರಶ್ನಾರ್ಥಕ ಚಿಹ್ನೆ ತಲೆಕೆಳಗಾಗಿರುತ್ತದೆ. ಗುರುತು ಇದೆ, ಆದರೆ ಓಡುವ ಗಾಡಿಯಿಂದ ಅದನ್ನು ಓದಬೇಕು. ಇಲ್ಲಿ ಮೋಸ ಮಾಡಿದ್ದು ಆಟವಲ್ಲ, ಪಕ್ಕದಲ್ಲಿ ಕುಳಿತ ತಮ್ಮನೋ ಗೆಳೆಯನೋ. ಹಡ್ಸನ್ ಸಾಫ್ಟ್ ಕಂಪನಿಯ ಬಾಂಬರ್‌ಮ್ಯಾನ್ ಆಟಗಳಲ್ಲಿನ ತಲೆಬುರುಡೆಯ ಸೊಗಸಂತೂ ಪೂರ್ತಿ ಇದರಲ್ಲಿಯೇ ಇದೆ. ಅದನ್ನು ಎತ್ತಿಕೊಂಡವನಿಗೆ ಏನಾದರೊಂದು ಕಾಯಿಲೆ ಹತ್ತುತ್ತದೆ: ಕಾಲು ಎಳೆಯುತ್ತದೆ, ಅಥವಾ ಹಿಡಿತಕ್ಕೆ ಸಿಗದಷ್ಟು ವೇಗ ಬರುತ್ತದೆ, ಅಥವಾ ಬೇಡವೆಂದರೂ ಬಾಂಬುಗಳು ಹೆಜ್ಜೆಹೆಜ್ಜೆಗೆ ಉದುರುತ್ತವೆ. ಕಾಯಿಲೆ ಅಂಟುರೋಗವೂ ಹೌದು, ಇನ್ನೊಬ್ಬ ಆಟಗಾರನನ್ನು ಮುಟ್ಟಿದರೆ ಅವನಿಗೂ ತಗಲುತ್ತದೆ. ನಾಲ್ವರು ಒಂದೇ ಟೀವಿಯ ಮುಂದೆ ಕುಳಿತು ಆಡುವಾಗ ರೋಗಿಯು ಉಳಿದವರನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ಮನೆಯವರು ಗದರಿಸುವಷ್ಟು ಗಲಾಟೆಯಾಗುತ್ತದೆ.

ಇನ್ನು ನಾನು ಹೆಚ್ಚು ಮೆಚ್ಚುವ ಬಗೆಯ ಮಾತು. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಾದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ರೋಗ್ ಎಂಬ ಆಟವನ್ನು ಬರೆದರು. ಚಿತ್ರಗಳೇ ಇಲ್ಲದ, ಬರಿಯ ಅಕ್ಷರಗಳಿಂದ ನೆಲಮಾಳಿಗೆಯನ್ನು ತೋರಿಸುವ ಆಟವದು. ಅಲ್ಲಿ ಸಿಗುವ ಮದ್ದಿನ ಸೀಸೆಗಳಿಗೆ ಬಣ್ಣಗಳಿವೆ, ಆದರೆ ಯಾವ ಬಣ್ಣದ್ದು ಯಾವ ಮದ್ದು ಎಂಬುದು ಪ್ರತಿ ಸಲ ಹೊಸ ಆಟ ಶುರುವಾದಾಗ ಅದಲುಬದಲಾಗುತ್ತದೆ. ನಿನ್ನೆ ಗಾಯ ಮಾಯಿಸಿದ ನೀಲಿ ಸೀಸೆ ಇಂದು ಕಣ್ಣು ಕಟ್ಟಿಸಬಹುದು. ಕುಡಿದು ನೋಡಿದ ಮೇಲೆ ಆ ಆಟ ಮುಗಿಯುವವರೆಗೆ ಗುರುತು ನಿಲ್ಲುತ್ತದೆ. ಹೀಗಾಗಿ ಜಾಣ ಆಟಗಾರ ಪ್ರಾಣಸಂಕಟದ ಹೊತ್ತಿಗೆ ಕಾಯದೆ, ಶತ್ರುಗಳು ಯಾರೂ ಹತ್ತಿರವಿಲ್ಲದ, ದೇಹ ಗಟ್ಟಿಯಾಗಿರುವ ಹೊತ್ತಿನಲ್ಲಿ ಸೀಸೆ ತೆರೆಯುತ್ತಾನೆ. ಹಾನಿ ತಪ್ಪದಿದ್ದರೂ ಅದನ್ನು ಯಾವಾಗ ಅನುಭವಿಸಬೇಕೆಂಬುದು ಅವನ ಕೈಯಲ್ಲಿದೆ.

ಈ ಪರಂಪರೆಯಲ್ಲೇ 1987ರಲ್ಲಿ ಬಂದು, ಇಂದಿಗೂ ಉಚಿತವಾಗಿ ಸಿಗುವ ನೆಟ್‌ಹ್ಯಾಕ್ ಈ ಕೌಶಲವನ್ನು ಇನ್ನಷ್ಟು ಬೆಳೆಸಿತು. ಅದರಲ್ಲಿ ಶಾಪಗ್ರಸ್ತ ಕತ್ತಿಯನ್ನು ಹಿಡಿದರೆ ಅದು ಕೈಗೆ ಅಂಟಿಕೊಂಡುಬಿಡುತ್ತದೆ. ಆದರೆ ಗುರುತಿಸುವ ದಾರಿಗಳು ಹಲವು. ಬಲಿಪೀಠದ ಮೇಲೆ ವಸ್ತುವನ್ನು ಇಟ್ಟರೆ ಶಾಪವಿರುವುದಕ್ಕೆ ಕಪ್ಪು ಮಿಂಚು ಹೊಳೆಯುತ್ತದೆ. ಅಂಗಡಿಯವನು ಹೇಳುವ ಬೆಲೆಯಿಂದ ಮದ್ದು ಯಾವುದಿರಬಹುದೆಂದು ತರ್ಕಿಸಬಹುದು. ಎಲ್ಲಕ್ಕಿಂತ ಚೆಂದದ ದಾರಿ ಜೊತೆಗೆ ಬರುವ ಸಾಕುಪ್ರಾಣಿ: ನಾಯಿಯಾಗಲಿ ಬೆಕ್ಕಾಗಲಿ ಶಾಪವಿರುವ ವಸ್ತುವಿನ ಮೇಲೆ ಕಾಲಿಡಲು ಹಿಂಜರಿಯುತ್ತದೆ, ಆಟವು ಆ ಹಿಂಜರಿಕೆಯನ್ನು ಒಂದು ಸಾಲಿನಲ್ಲಿ ತಿಳಿಸುತ್ತದೆ. ಗುರುತು ಸಿಕ್ಕಿದ ಕೆಡುಕಿನ ಮದ್ದನ್ನು ಚೆಲ್ಲಬೇಕಾಗಿಯೂ ಇಲ್ಲ. ನಿದ್ದೆಯ ಮದ್ದಿನ ಸೀಸೆಯನ್ನು ಶತ್ರುವಿನ ಮೇಲೆ ಎಸೆಯಬಹುದು. ಒಂದು ಬಗೆಯ ಓಲೆಯನ್ನು ಓದಿದವನ ಕಾಲಿಗೆ ಶಿಕ್ಷೆಯಾಗಿ ಕಬ್ಬಿಣದ ಗುಂಡೊಂದು ಸರಪಳಿಯೊಡನೆ ಬಿಗಿಯಲ್ಪಡುತ್ತದೆ, ಹಠಮಾರಿ ಆಟಗಾರರು ಅದೇ ಗುಂಡನ್ನು ಎತ್ತಿ ಆಯುಧ ಮಾಡಿಕೊಳ್ಳುತ್ತಾರೆ. 2011ರ ದಿ ಬೈಂಡಿಂಗ್ ಆಫ್ ಐಸಾಕ್ ಆಟದ ಗುಳಿಗೆಗಳೂ ಪ್ರತಿ ಸಲ ಬಣ್ಣ ಬದಲಿಸಿಕೊಳ್ಳುವುದು ಈ ಮನೆತನದ ಲಕ್ಷಣವೇ, ಆದರೆ ಅಲ್ಲಿ ನುಂಗಿ ನೋಡುವುದು ಹೆಚ್ಚು, ತರ್ಕಿಸುವುದು ಕಡಿಮೆ.

ಕಾರವಾರ, ಶಿರಸಿ, ಭಟ್ಕಳಗಳ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತ, ಅಭ್ಯಾಸಕ್ಕೆಂದು ಇಟ್ಟಿಗೆ ಒಡೆಯುವ ಆಟವನ್ನು ಬರೆಯುತ್ತಿರುವ ತರುಣ ತರುಣಿಯರು ಈ ಮಾತನ್ನು ಕೇಳುತ್ತಿದ್ದರೆ ಅವರಿಗೊಂದು ಸೂಚನೆ. ಕುಗ್ಗಿಸುವ ಗುಳಿಗೆಯನ್ನು ಖಂಡಿತ ಇಡಿ. ಬಣ್ಣವೊಂದನ್ನೇ ನೆಚ್ಚದೆ ಅದಕ್ಕೊಂದು ಬೇರೆಯೇ ಆಕಾರ ಕೊಡಿ, ಉದುರುವಾಗ ಕಿವಿಗೆ ಬೇರೆಯಾಗಿ ಕೇಳುವ ಒಂದು ಸದ್ದನ್ನೂ ಕೊಡಿ. ನಂತರ ನಿಮ್ಮ ಆಟವನ್ನು ಒಮ್ಮೆಯೂ ನೋಡದ ಒಬ್ಬರನ್ನು, ಮನೆಯ ಅಜ್ಜನಾದರೂ ಸರಿ, ಪರದೆಯ ಮುಂದೆ ಕೂರಿಸಿ, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕುಳಿತು ನೋಡಿ. ಮೊದಲ ಸಲ ಅವರು ಅದನ್ನು ಹಿಡಿದೇ ಹಿಡಿಯುತ್ತಾರೆ, ಅದಕ್ಕೆ ಚಿಂತೆಯಿಲ್ಲ. ಮೂರನೆಯ ಸಲವೂ ಹಾಗೆಯೇ ನಂಬಿ ಹಿಡಿದರೆ, ತಿದ್ದಬೇಕಾದದ್ದು ಆ ಗುಳಿಗೆಯ ಚಿತ್ರವನ್ನು.

ನಮಸ್ಕಾರ.