ಜೋನಿ ಮಿಚೆಲ್ ದನಿ ಹಾಳಾಗಿಲ್ಲ

ನಮಸ್ಕಾರ. ಇವತ್ತು ಕೆನಡಾದ ಹಾಡುಗಾರ್ತಿ ಜೋನಿ ಮಿಚೆಲ್ ಬಗ್ಗೆ ಮಾತಾಡೋಣ. ಅವರ ಹೆಸರು ಎತ್ತಿದರೆ ಸಾಕು, ಯಾರಾದರೂ ಒಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: "1971ರಲ್ಲಿ ಬಂದ ಬ್ಲೂ ಆಲ್ಬಂ ಅದ್ಭುತ. ಆಮೇಲೆ ಸಿಗರೇಟು ಸೇದಿ ಸೇದಿ ದನಿ ಹಾಳು ಮಾಡಿಕೊಂಡರು, ಪಾಪ." ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಅದರಲ್ಲೂ ಆ "ಪಾಪ" ಇದೆಯಲ್ಲ, ಅದನ್ನು ಕೇಳಿದರೆ ಇನ್ನೂ ಜಾಸ್ತಿ.

ಒಂದೇ ಹಾಡು ತಗೊಳ್ಳಿ. ಬೋತ್ ಸೈಡ್ಸ್ ನೌ. 1967ರಲ್ಲಿ ವಿಮಾನದಲ್ಲಿ ಕೂತು ಸಾಲ್ ಬೆಲೋ ಅವರ ಕಾದಂಬರಿ ಓದುತ್ತಿದ್ದಾಗ, ಕಿಟಕಿಯಿಂದ ಕೆಳಗೆ ಮೋಡ ನೋಡಿ ಬರೆದ ಹಾಡು. ಆಗ ಅವರಿಗೆ 23 ವರ್ಷ. ಮೊದಲು ಅದನ್ನು ಹಿಟ್ ಮಾಡಿದ್ದು ಇನ್ನೊಬ್ಬ ಗಾಯಕಿ, ಜೂಡಿ ಕಾಲಿನ್ಸ್. ಜೋನಿ ತಾವೇ ಹಾಡಿದ್ದು 1969ರ ಕ್ಲೌಡ್ಸ್ ಆಲ್ಬಂನಲ್ಲಿ. ಒಂದು ಗಿಟಾರ್, ಮೇಲೆ ಮೇಲೆ ಹಾರುವ ತೆಳು ದನಿ. ಮೋಡವನ್ನೂ ಪ್ರೀತಿಯನ್ನೂ ಬದುಕನ್ನೂ ಎರಡೂ ಕಡೆಯಿಂದ ನೋಡಿದ್ದಾಯಿತು, ಆದರೂ ಏನೂ ಗೊತ್ತಾಗಲಿಲ್ಲ ಅನ್ನುತ್ತಾಳೆ ಆ ಹುಡುಗಿ. ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ಇಪ್ಪತ್ತಮೂರಕ್ಕೆ ಬದುಕಿನ ಎಷ್ಟು ಕಡೆ ನೋಡಿರಲು ಸಾಧ್ಯ?

ಈಗ 2000ದಲ್ಲಿ ಅವರೇ ಮತ್ತೆ ಹಾಡಿದ್ದನ್ನು ಕೇಳಿ. ಲಂಡನ್ನಿನಲ್ಲಿ ದೊಡ್ಡ ಆರ್ಕೆಸ್ಟ್ರಾ, ವಿನ್ಸ್ ಮೆಂಡೋಜಾ ಅವರ ವಾದ್ಯ ಸಂಯೋಜನೆ. ಜೋನಿಗೆ 56 ವರ್ಷ. ಮೊದಲು ಪಿಟೀಲುಗಳು ನಿಧಾನವಾಗಿ ಹರಡಿಕೊಳ್ಳುತ್ತವೆ. ಆಮೇಲೆ ದನಿ ಬರುತ್ತದೆ. ಎಷ್ಟು ಕೆಳಗಿನ ದನಿ ಅಂದರೆ, ಇದು ಅದೇ ಹೆಂಗಸಾ ಅನ್ನಿಸುತ್ತದೆ. ಒರಟು ಇದೆ, ಹೊಗೆ ಇದೆ. ಅವಸರ ಮಾತ್ರ ಒಂಚೂರೂ ಇಲ್ಲ. ತಾಳ ಮುಂದೆ ಹೋಗಿರುತ್ತದೆ, ಅವರು ಹಿಂದಿನಿಂದ ನಿಧಾನವಾಗಿ ಬಂದು ಸಾಲನ್ನು ಇಳಿಸುತ್ತಾರೆ. "ನನಗೆ ಬದುಕು ಗೊತ್ತಿಲ್ಲ" ಅನ್ನುವ ಅದೇ ಮಾತು ಈ ದನಿಯಲ್ಲಿ ಬಂದಾಗ ಎದೆಗೆ ನಾಟುತ್ತದೆ. ಸಾಹಿತ್ಯ ಒಂದಕ್ಷರ ಹೊಸದಾಗಿಲ್ಲ. ಮೇಲಿನ ಸ್ವರಗಳು ಹೋದವು, ನಿಜ. ಆದರೆ ಆ ಮೇಲಿನ ಸ್ವರಗಳಿಗೆ ಈ ಹಾಡಿನ ಅರ್ಥ ಪೂರ್ತಿ ಸಿಕ್ಕೇ ಇರಲಿಲ್ಲ ಅಂತ ನಾನು ಹೇಳುತ್ತೇನೆ. ಸಿಗರೇಟಿನ ಪರ ಮಾತಾಡುತ್ತಿಲ್ಲ ನಾನು. ಒಂಬತ್ತನೇ ವಯಸ್ಸಿಗೇ ಸೇದಲು ಶುರು ಮಾಡಿದ್ದೆ ಅಂತ ಅವರೇ ಹೇಳಿದ್ದಾರೆ, ಅದೇನೂ ಒಳ್ಳೆಯದಲ್ಲ. ಆದರೆ ಉಳಿದ ದನಿಯಿಂದ ಅವರು ಏನು ಮಾಡಿದರು ನೋಡಿ.

ಇರುವುದರಲ್ಲೇ ದಾರಿ ಹುಡುಕುವುದು ಅವರಿಗೆ ವಯಸ್ಸಾದ ಮೇಲೆ ಬಂದ ಬುದ್ಧಿಯಲ್ಲ. ಕೆನಡಾದ ಆಲ್ಬರ್ಟಾದಲ್ಲಿ 1943ರಲ್ಲಿ ಹುಟ್ಟಿ, ಸಸ್ಕಾಚೆವಾನ್‌ನ ಬಯಲು ಸೀಮೆಯಲ್ಲಿ ಬೆಳೆದ ಹುಡುಗಿ. ಒಂಬತ್ತನೇ ವಯಸ್ಸಿಗೆ ಪೋಲಿಯೋ. ಬದುಕುಳಿದರು, ನಡೆದರು, ಆದರೆ ಎಡಗೈಯಲ್ಲಿ ಬಲ ಕಡಿಮೆಯಾಯಿತು. ಗಿಟಾರ್ ನುಡಿಸುವವರಿಗೆ ಗೊತ್ತು, ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಅದನ್ನು ಹಿಡಿಯುವುದೇ ಎಡಗೈ. ಬೆರಳು ಬಗ್ಗಿಸಿ ನಾಲ್ಕು ಕಡೆ ಗಟ್ಟಿಯಾಗಿ ಒತ್ತಬೇಕು. ಅವರು ಏನು ಮಾಡಿದರು ಗೊತ್ತಾ? ತಂತಿಗಳ ಶ್ರುತಿಯನ್ನೇ ಬದಲಾಯಿಸಿದರು. ಉದಾಹರಣೆಗೆ ಓಪನ್ ಡಿ ಟ್ಯೂನಿಂಗ್. ಆರು ತಂತಿಗಳಲ್ಲಿ ನಾಲ್ಕನ್ನು ಸ್ವಲ್ಪ ಇಳಿಸಿಕೊಂಡರೆ, ಎಡಗೈ ಮುಟ್ಟದೆ ಸುಮ್ನೆ ಮೀಟಿದರೂ ಪೂರ್ತಿ ಡಿ ಮೇಜರ್ ಕಾರ್ಡ್ ಬರುತ್ತದೆ. ಒಂದೇ ಬೆರಳನ್ನು ಅಡ್ಡ ಇಟ್ಟು ಮೇಲೆ ಕೆಳಗೆ ಜರುಗಿಸಿದರೆ ಬೇರೆ ಬೇರೆ ಕಾರ್ಡ್. ಈ ಉಪಾಯ ಬ್ಲೂಸ್ ಅನ್ನುವ ಕಪ್ಪು ಅಮೆರಿಕನ್ನರ ಸಂಗೀತ ಹಾಡುವವರಲ್ಲಿ ಮೊದಲೇ ಇತ್ತು. ಆದರೆ ಜೋನಿ ಅಲ್ಲಿಗೆ ನಿಲ್ಲಲಿಲ್ಲ. ತಮ್ಮದೇ ಟ್ಯೂನಿಂಗ್ ಕಟ್ಟುತ್ತಾ ಹೋದರು, ಐವತ್ತಕ್ಕೂ ಹೆಚ್ಚು. ಅದಕ್ಕೇ ಅವರ ಕಾರ್ಡ್‌ಗಳು ಬೇರೆ ಯಾರ ಹಾಡಿನಲ್ಲೂ ಸಿಗುವುದಿಲ್ಲ. ಸಂತೋಷ ಅಂತಲೂ ಹೇಳಲಾಗದ, ದುಃಖ ಅಂತಲೂ ಹೇಳಲಾಗದ ನಾದ ಅದು.

ಬ್ಲೂ ಬಗ್ಗೆ ಎಲ್ಲರೂ ಹೇಳಿದ್ದಾರೆ, ನಾನು ಬೇರೆ ಹೇಳಬೇಕಾಗಿಲ್ಲ. 1974ರಲ್ಲಿ ಕೋರ್ಟ್ ಅಂಡ್ ಸ್ಪಾರ್ಕ್ ಬಂತು, ಜೋರಾಗಿ ಮಾರಾಟವಾಯಿತು. ಬೇರೆಯವರಾಗಿದ್ದರೆ ಅದೇ ದಾರಿಯಲ್ಲಿ ಇನ್ನೂ ಐದು ಆಲ್ಬಂ ಮಾಡಿ ಹಾಯಾಗಿ ಇರುತ್ತಿದ್ದರು. ಇವರು ಜಾಝ್ ಕಡೆ ತಿರುಗಿದರು. 1975ರ ದಿ ಹಿಸಿಂಗ್ ಆಫ್ ಸಮರ್ ಲಾನ್ಸ್ ಬಂದಾಗ ಎಷ್ಟೋ ವಿಮರ್ಶಕರು ಮುಖ ಸಿಂಡರಿಸಿದರು. ಮರು ವರ್ಷ ಹೆಜಿರಾ. ಮೇನ್ ರಾಜ್ಯದಿಂದ ಲಾಸ್ ಏಂಜಲೀಸ್‌ಗೆ ಒಬ್ಬರೇ ಕಾರು ಓಡಿಸಿಕೊಂಡು ಬಂದ ಅನುಭವದಿಂದ ಹುಟ್ಟಿದ್ದು. ಅದರಲ್ಲಿ ಜಾಕೋ ಪಾಸ್ಟೋರಿಯಸ್ ಅವರ ಬಾಸ್ ಗಿಟಾರ್ ಕೇಳಬೇಕು. ತಾಳ ಹಿಡಿದು ಹಿಂದೆ ಕೂರುವ ಬಾಸ್ ಅಲ್ಲ ಅದು. ಜೋನಿ ಒಂದು ಮಾತು ಹೇಳಿದರೆ ಅದೂ ಒಂದು ಮಾತು ಹೇಳುತ್ತದೆ. ನನ್ನ ಮಟ್ಟಿಗೆ ಬ್ಲೂಗಿಂತ ದೊಡ್ಡ ಕೆಲಸ ಹೆಜಿರಾ. ಇದನ್ನು ಜಗಳಕ್ಕೇ ನಿಂತು ಹೇಳುತ್ತೇನೆ.

ಆಮೇಲೆ ಚಾರ್ಲ್ಸ್ ಮಿಂಗಸ್ ಅವರ ಕರೆ ಬಂತು. ಜಾಝ್‌ನ ದೊಡ್ಡ ಸಂಯೋಜಕ, ನರಗಳ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದಿದ್ದವರು. ಅವರ ರಾಗಗಳಿಗೆ ಜೋನಿ ಸಾಹಿತ್ಯ ಬರೆದರು. 1979ರ ಜನವರಿಯಲ್ಲಿ ಮಿಂಗಸ್ ತೀರಿಕೊಂಡರು, ಅದೇ ವರ್ಷ ಆಲ್ಬಂ ಬಂತು. ಹಳೇ ಅಭಿಮಾನಿಗಳು ಎಷ್ಟೋ ಜನ ಅಲ್ಲಿಂದಲೇ ಎದ್ದು ಹೋದರು.

ಎಲ್ಲವನ್ನೂ ಸಮರ್ಥಿಸಲು ನಾನು ಬಂದಿಲ್ಲ. 1977ರ ಡಾನ್ ಹುವಾನ್ಸ್ ರೆಕ್‌ಲೆಸ್ ಡಾಟರ್ ಆಲ್ಬಂನ ಹೊದಿಕೆಯಲ್ಲಿ ಅವರು ಮುಖಕ್ಕೆ ಕಪ್ಪು ಬಣ್ಣ ಹಚ್ಚಿಕೊಂಡು ಕರಿಯ ಗಂಡಸಿನ ವೇಷ ಹಾಕಿದ್ದರು. ಅದು ತಪ್ಪು. ಕಪ್ಪು ಸಂಗೀತಗಾರರಿಂದ ಅಷ್ಟು ಕಲಿತವರು, ಅವರ ಜೊತೆ ಅಷ್ಟು ಕೆಲಸ ಮಾಡಿದವರು ಅದನ್ನು ಮಾಡಬಾರದಿತ್ತು.

2015ರಲ್ಲಿ ಮಿದುಳಿನ ರಕ್ತನಾಳದ ತೊಂದರೆ. ಮಾತು ಹೋಯಿತು, ನಡಿಗೆ ಹೋಯಿತು. ಎಲ್ಲವನ್ನೂ ಮತ್ತೆ ಕಲಿಯಬೇಕಾಯಿತು. ಪೋಲಿಯೋ ಲೆಕ್ಕ ಹಾಕಿದರೆ ನಡೆಯುವುದನ್ನು ಕಲಿತಿದ್ದು ಇದು ಮೂರನೇ ಸಲ. 2022ರ ಜುಲೈನಲ್ಲಿ, 78ನೇ ವಯಸ್ಸಿನಲ್ಲಿ, ನ್ಯೂಪೋರ್ಟ್ ಜಾನಪದ ಸಂಗೀತೋತ್ಸವಕ್ಕೆ ಜೋನಿಯನ್ನು ಗಾಯಕಿ ಬ್ರ್ಯಾಂಡಿ ಕಾರ್ಲೈಲ್ ಕರೆತಂದರು. ಮೊದಲೇ ಯಾರಿಗೂ ಹೇಳಿರಲಿಲ್ಲ. ಬೋತ್ ಸೈಡ್ಸ್ ನೌ ಹಾಡಿದ್ದನ್ನು ನೋಡಿ ಅತ್ತವರ ವಿಡಿಯೋ ನೀವೂ ನೋಡಿರುತ್ತೀರಿ. ನಾನು ಹೇಳಬೇಕೆಂದಿದ್ದು ಬೇರೆ. ಅವತ್ತು ಎಲೆಕ್ಟ್ರಿಕ್ ಗಿಟಾರ್ ಹಿಡಿದು, ಹಾಡದೆ, ಜಸ್ಟ್ ಲೈಕ್ ದಿಸ್ ಟ್ರೇನ್ ಅನ್ನು ಬರೀ ನುಡಿಸಿದರಲ್ಲ, ಅದನ್ನು ನೋಡಿ. ಬೆರಳು ಎಲ್ಲಿ ಇಡುತ್ತಿದ್ದೆ ಅನ್ನುವುದೇ ಮರೆತುಹೋಗಿತ್ತು. ಇಂಟರ್ನೆಟ್ಟಿನಲ್ಲಿ ತಮ್ಮದೇ ಹಳೇ ವಿಡಿಯೋ ಹಾಕಿಕೊಂಡು, ತಮ್ಮದೇ ಕೈ ನೋಡಿ ಕಲಿತೆ ಅಂತ ಸಂದರ್ಶನದಲ್ಲಿ ಹೇಳಿದರು. ತಮಗೋಸ್ಕರ ತಾವೇ ಕಟ್ಟಿದ ಟ್ಯೂನಿಂಗ್‌ಗಳು ಅವು. ಕಲಿಸಿಕೊಡಲು ಇನ್ನೊಬ್ಬ ಗುರು ಎಲ್ಲಿಂದ ಬರಬೇಕು? ಇಂಥವರಿಗೆ ನಾವು "ಪಾಪ" ಅನ್ನುತ್ತೇವೆ.

2024ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಬಯಲು ರಂಗಮಂದಿರ ಹಾಲಿವುಡ್ ಬೌಲ್‌ನಲ್ಲಿ ಎರಡು ರಾತ್ರಿ ಹಾಡಿದರು. ಬ್ಲೂ ಹಾಡುಗಳನ್ನೇ ಸಾಲಾಗಿ ಹಾಡಿದ್ದರೂ ಜನ ಕುಣಿಯುತ್ತಿದ್ದರು, ಅಲ್ವಾ? ಹೆಜಿರಾ ಹಾಡಿದರು, ಡಾಗ್ ಈಟ್ ಡಾಗ್ ಹಾಡಿದರು, ಎಂಬತ್ತು ತೊಂಬತ್ತರ ದಶಕದಲ್ಲಿ ಯಾರೂ ಕಿವಿಗೊಡದ ಆಲ್ಬಂಗಳಿಂದ ಹಾಡುಗಳನ್ನು ಎತ್ತಿ ಹಾಡಿದರು. ತಮ್ಮ ಕೆಲಸದಲ್ಲಿ ಯಾವುದು ಉಳಿಯಬೇಕು ಅಂತ ಅವರು ಆರಿಸಿಕೊಂಡಾಗಿದೆ.

ಹಾಗಾಗಿ ಜೋನಿಯನ್ನು ಇನ್ನೂ ಕೇಳಿಲ್ಲದವರು ಬ್ಲೂನಿಂದ ಶುರು ಮಾಡಬೇಡಿ. ಹೆಜಿರಾ ಹಾಕಿ, ರಾತ್ರಿ ಹೊತ್ತು, ಇಯರ್‌ಫೋನ್ ಹಾಕಿಕೊಂಡು, ಮಧ್ಯೆ ಎದ್ದು ಹೋಗದೆ ಕೇಳಿ. ಆಮೇಲೆ 2000ದ ಬೋತ್ ಸೈಡ್ಸ್ ನೌ. 1969ರದ್ದು ಕೊನೆಗೆ. ಕೇಳಿದ ಮೇಲೆ ನಿಮಗೆ ಯಾವ ದನಿ ಹಿಡಿಸಿತು ಅಂತ ನನಗೆ ಬರೆದು ಹೇಳಿ.